ಬೆರಳಿನ ಹದ

ಶಿಡ್ಲಘಟ್ಟದ ಸಾದಿಕ್ ಪಾಷಾ ಅವರ ಶೆಡ್ಡಿನಲ್ಲಿ ಮೂವತ್ತು ವರ್ಷ ರೇಷ್ಮೆಗೂಡು ಬೇಯಿಸಿ ನೂಲು ತೆಗೆದಿದ್ದ ಆದಿಲಕ್ಷ್ಮಮ್ಮನಿಗೆ ನೀರಿನ ಹದ ನೋಡಲು ಬೆರಳಲ್ಲದೆ ಬೇರೆ ಸಾಧನವಿರಲಿಲ್ಲ. ಬಾನಿಯ ಬಿಸಿನೀರಿಗೆ ಬೆರಳಿಳಿಸಿ ಎಣಿಸಬೇಕು. ಮೂರಕ್ಕೆ ಕೈ ತಾನಾಗಿ ಹಿಂದೆ ಬಂದರೆ ಗೂಡು ಹಾಕಬಹುದು. ಅತ್ತೆ ಅವಳಿಗೆ ಕಲಿಸಿದ್ದು ಅದನ್ನೇ. ೧೯೬೧ರ ಬೇಸಿಗೆಯಲ್ಲಿ ತನ್ನ ಕೈಕೆಳಗೆ ಕಲಿಯಲು ಬಂದ ಶಹರ್ ಬಾನುವಿಗೂ ಅವಳು ಅದನ್ನೇ ಹೇಳಿಕೊಟ್ಟಳು.

ಹದಿನೈದು ದಿನಗಳಿಂದ ಅವರಿಬ್ಬರ ಬಾನಿಯ ನೂಲು ಗಂಟುಗಂಟಾಗಿ ಬರುತ್ತಿತ್ತು. "ಹೊಸ ಹುಡುಗಿ ಕೈ ಇನ್ನೂ ಕೂತಿಲ್ಲ. ಶನಿವಾರದೊಳಗೆ ಸರಿಹೋಗ್ದಿದ್ರೆ ಬೇರೆಯೋರನ್ನ ನೋಡ್ತೀನಿ" ಎಂದಿದ್ದರು ಪಾಷಾ. ತಂದೆ ಹಾಸಿಗೆ ಹಿಡಿದ ಮನೆಗೆ ಬಾನುವಿನ ಕೂಲಿಯೊಂದೇ ಆಧಾರವಾಗಿತ್ತು.

ಶನಿವಾರ ಬೆಳಿಗ್ಗೆ ಬಾನು ಬೆರಳಿಟ್ಟು, ಒಂದು ಎನ್ನುವಷ್ಟರಲ್ಲಿ ಕಿತ್ತುಕೊಂಡಳು.

"ಏಮಮ್ಮಾ, ಒಂದಕ್ಕೇ ತೆಗೆದ್ಬಿಟ್ಯಲ್ಲೇ! ಕೈಯೇನು ಬೆಣ್ಣೇಲಿ ಮಾಡವ್ರಾ?"

"ಸುಡ್ತದೆ ಅಮ್ಮ."

"ಸುಡದೆ ಇರಕ್ಕೆ ಇದೇನು ಮಜ್ಜಿಗೆನಾ? ಈ ಕಾಲದ ಹುಡ್ಗೀರು ಸಿನಿಮಾ ಹಾಡಿಗೇ ಸರಿ. ನೋಡಿಲ್ಲಿ, ಎಣಿಸು."

ಬಾನು ಎಣಿಸಿದಳು. ಮೂರಕ್ಕೆ ಆದಿಲಕ್ಷ್ಮಮ್ಮ ಕೈ ತೆಗೆದು ಗೆದ್ದವಳಂತೆ ನೋಡಿದಳು.

"ಅಮ್ಮ, ನೀವು ತೆಗೆದಿದ್ದು ಸುಟ್ಟಿದ್ದಕ್ಕಾ, ನಾನು ಮೂರು ಅಂದಿದ್ದಕ್ಕಾ?"

ಆದಿಲಕ್ಷ್ಮಮ್ಮನಿಗೆ ಸಿಟ್ಟು ನೆತ್ತಿಗೇರಿತು. ಮತ್ತೆ ಬೆರಳಿಳಿಸಿ, ಈ ಸಲ ಬೇಕೆಂದೇ ತೆಗೆಯದೆ ನಿಂತಳು. ಬಾನು ನಿಧಾನವಾಗಿ ಎಣಿಸಿದಳು. ಎಂಟು ದಾಟಿದ ಮೇಲೆ ಎಲ್ಲೋ ದೂರದಲ್ಲಿ ಚುರುಕ್ ಎಂದಂತಾಯಿತು. ಹೊರಗೆ ತೆಗೆದು ನೋಡಿದರೆ ಬೆರಳು ಕೆಂಪಗೆ ಬೆಂದಿತ್ತು. ಮೂವತ್ತು ವರ್ಷದ ಕುದಿನೀರಿಗೆ ಜಡ್ಡುಗಟ್ಟಿದ ಕೈ ಎಷ್ಟು ದಿನದಿಂದ ಬರೀ ರೂಢಿಯ ಮೇಲೆ ಹಿಂದೆ ಬರುತ್ತಿತ್ತೋ! ಗೂಡುಗಳು ಅತಿಯಾಗಿ ಬೆಂದು ನೂಲು ಗಂಟಾದದ್ದು ಈ ಕೈಯಿಂದಲೇ.

ಅಷ್ಟರಲ್ಲಿ ಪಾಷಾ ಬಂದು, ನಿನ್ನೆಯ ನೂಲಿನ ಲಡಿಯನ್ನು ಬೆಳಕಿಗೆ ಹಿಡಿದರು. "ಬಾನು, ನಾಳೆಯಿಂದ ಬರಬೇಡಮ್ಮ."

ಬಾನು ಕೈ ಒರೆಸಿಕೊಂಡಳು. ಅವಳು ಇದ್ದದ್ದನ್ನು ಹೇಳಿಬಿಟ್ಟಿದ್ದರೆ ಆದಿಲಕ್ಷ್ಮಮ್ಮನಿಗೆ ಸುಲಭವಾಗುತ್ತಿತ್ತು. ಹುಡುಗಿ ಸುಳ್ಳಾಡುತ್ತಾಳೆ ಎಂದು ಬೈದುಬಿಡಬಹುದಿತ್ತು.

"ಸಾಬ್ರೇ, ಕೆಡಿಸಿದ್ದು ನಾನು. ನನ್ನ ಕೈಗೆ ಬಿಸಿ ತಿಳೀತಿಲ್ಲ."

"ನಿಮಗಾ? ಹಂಗಾದ್ರೆ ಹದ ನೋಡೋರ್ಯಾರು?"

"ಇವಳು ನೋಡ್ಲಿ. ಎಳೆ ನಾನು ಹಿಡೀತೀನಿ, ಅದಕ್ಕಿನ್ನೂ ಕಣ್ಣೈತೆ."

ಪಾಷಾ ಇಬ್ಬರನ್ನೂ ನೋಡಿದರು. "ಸೋಮವಾರದ ಲಡಿ ನೋಡಿ ಹೇಳ್ತೀನಿ. ಇಬ್ರಿಗೂ ಸೇರಿಸಿಯೇ" ಎಂದು ಹೊರಟುಹೋದರು.

ಬಾನು ಸೌದೆ ಹಿಂದಕ್ಕೆಳೆದು, ತಣ್ಣೀರು ಬೆರೆಸಿ, ಬೆರಳಿಟ್ಟಳು.

"ಹಾಕ್ಲೇನಮ್ಮ ಗೂಡು?" ಎಂದು ಆದಿಲಕ್ಷ್ಮಮ್ಮ ಕೇಳಿದಳು.

"ಇನ್ನೊಂದು ಚೊಂಬು ನೀರು ಬೇಕು ಅಮ್ಮ."

ಆದಿಲಕ್ಷ್ಮಮ್ಮ ಮಂಡಿ ಹಿಡಿದುಕೊಂಡು ಎದ್ದು ತೊಟ್ಟಿಯ ಕಡೆ ಹೋದಳು.