ಮೇಸ್ತ್ರಿಯ ಹೆಸರಿನ ಕೊಳವೆ

ಬಸ್ ಡಿಪೋದ ಬ್ರೇಕ್ ಮೇಸ್ತ್ರಿ ದಿನವಿಡೀ ಮೊಳಕೈವರೆಗೆ ಗ್ರೀಸು ಮೆತ್ತಿಕೊಂಡು ದುಡಿಯುವ ಗಂಡಸು. ಅಂಥವನಿಗೆ ಮಲಪರೀಕ್ಷೆ ಎಂಬ ಮಾತು ಕೇಳಿದರೇ ವಾಕರಿಕೆ. ವಯಸ್ಸಾದ ನೌಕರರಿಗೆಲ್ಲ ಕರುಳಿನ ಕ್ಯಾನ್ಸರ್ ಪರೀಕ್ಷೆ ಮಾಡಿಸಬೇಕೆಂದು ಡಿಪೋದವರು ಒಬ್ಬೊಬ್ಬರಿಗೂ ಒಂದು ಪುಟ್ಟ ಕೊಳವೆ, ಅದರೊಳಗೊಂದು ಕಡ್ಡಿ ಕೊಟ್ಟು ಕಳಿಸಿದ್ದರು. ಕಡ್ಡಿಯನ್ನು ಮಲಕ್ಕೆ ಸೋಕಿಸಿ ಮುಚ್ಚಳ ಹಾಕಿ ತರಬೇಕು. ಕಣ್ಣಿಗೆ ಕಾಣದ ರಕ್ತವಿದ್ದರೂ ಗೊತ್ತಾಗುತ್ತದೆ. ಮೇಸ್ತ್ರಿ ಅದನ್ನು ತಂದು ಹೆಂಡತಿಯ ಹೊಲಿಗೆ ಯಂತ್ರದ ಮೇಲೆ ಕುಕ್ಕಿದ.

"ನಿಂದೇ ಹಾಕಿ ಕೊಡು. ಇಬ್ರೂ ತಿನ್ನೋದು ಒಂದೇ ಪಾತ್ರೆ ಅನ್ನ. ಹೊಟ್ಟೇಲಿ ಬೇರೆ ಏನಿರುತ್ತೆ?"

"ಪರೀಕ್ಷೆ ನಿಮ್ಗಲ್ವೇನ್ರೀ?"

"ನಂಗ್ಯಾಕೆ? ನಾನು ದಿನಾ ಶುಗರ್ ಮಾತ್ರೆ ತಿನ್ನಲ್ವಾ? ಅದನ್ನ ತಿನ್ನೋರ ಹತ್ರ ಆ ಕಾಯಿಲೆ ಸುಳಿಯೋದೇ ಇಲ್ವಂತೆ. ಔಷಧಿ ಅಂಗಡಿಯವ್ನೇ ಹೇಳ್ದ."

ಅಂಗಡಿಯವನು ಹೇಳಿದ್ದು ಹಾಗಲ್ಲ. ಅಪಾಯ ಕೊಂಚ ಕಡಿಮೆ ಇರಬಹುದು, ಇನ್ನೂ ಖಾತ್ರಿಯಿಲ್ಲ ಎಂದಿದ್ದ. ಮೇಸ್ತ್ರಿಯ ಕಿವಿ ತನಗೆ ಬೇಕಾದಷ್ಟನ್ನೇ ಒಳಗೆ ಬಿಟ್ಟುಕೊಂಡಿತ್ತು. ಹೆಂಡತಿ ಮನೆಯಲ್ಲೇ ಕೂತು ಬಸ್ ಸೀಟುಗಳಿಗೆ ರೆಕ್ಸಿನ್ ಕವರು ಹೊಲಿಯುವವಳು, ಗಂಡನಿಗೆ ಎದುರು ಮಾತಾಡಿ ಅಭ್ಯಾಸವಿಲ್ಲ. ಹೇಳಿದಂತೆ ಮಾಡಿದಳು. ಅವನು ಕೊಳವೆಯ ಮೇಲೆ ತನ್ನ ಹೆಸರು ಬರೆದು ಒಯ್ದ.

ರಕ್ತವಿದೆ ಎಂದು ಫಲಿತಾಂಶ ಬಂತು. ನಿಜ ಹೇಳಿದರೆ ಮಾನ ಹೋಗುತ್ತದೆಂದು ಮೇಸ್ತ್ರಿ ತೆಪ್ಪಗೆ ಆಸ್ಪತ್ರೆಗೆ ಹೋಗಿ ಮಲಗಿದ. ಕ್ಯಾಮೆರಾ ಇಳಿಸಿ ಅವನ ಕರುಳನ್ನು ಮೂಲೆಮೂಲೆಯೂ ಬಿಡದೆ ನೋಡಿದರು. ಏನೂ ಇರಲಿಲ್ಲ. ಮನೆಗೆ ಬಂದವನ ಜಂಬ ನೋಡಬೇಕಿತ್ತು.

"ನೋಡಿದ್ಯಾ ಮಾತ್ರೆ ಮಹಿಮೆ!"

"ಅದು ನಂದಲ್ವೇನ್ರೀ? ನನ್ನನ್ನ ಡಾಕ್ಟ್ರಿಗೆ ತೋರ್ಸಿ. ಭಯ ಆಗ್ತಿದೆ."

"ಏನಂತ ತೋರ್ಸ್ಲಿ? ನಂದ್ರ ಬದ್ಲು ಹೆಂಡ್ತೀದು ಕೊಟ್ಟೆ ಅಂತಾನಾ? ಡಿಪೋ ಪೂರ್ತಿ ಬಿದ್ದು ಬಿದ್ದು ನಗುತ್ತೆ. ಒಂದೇ ಪಾತ್ರೆ ಅನ್ನ ಅಂದ್ನಲ್ಲ? ನನ್ ಕರುಳು ಚೊಕ್ಕ ಅಂದ್ರೆ ನಿಂದೂ ಚೊಕ್ಕ. ಅಷ್ಟು ಭಯ ಇದ್ರೆ ತಗೋ, ನನ್ ಮಾತ್ರೇಲಿ ಅರ್ಧ ನುಂಗು."

ಇಂಥ ತಲೆಗೆ ಯಾವ ಗೋಡೆ ಹುಡುಕಿ ಚಚ್ಚುವುದು! ಆದರೆ ಅವಳಿಗೂ ನಂಬುವ ಆಸೆಯಿತ್ತು. ದಿನಾ ಅವನು ಮುರಿದು ಕೊಟ್ಟ ಅರ್ಧ ಮಾತ್ರೆ ನುಂಗಿದಳು. ಹೊಟ್ಟೆ ತೊಳಸಿದರೆ ಮಾತ್ರೆ ಕೆಲಸ ಮಾಡುತ್ತಿದೆ ಅಂದುಕೊಂಡಳು. ರಕ್ತ ಕಣ್ಣಿಗೇ ಕಂಡಾಗ, ಕೂತೇ ಇರುತ್ತೇನಲ್ಲ, ಮೂಲವ್ಯಾಧಿ ಇರಬೇಕು ಅಂದುಕೊಂಡಳು. ಅತ್ತ ಕ್ಯಾಂಟೀನಿನಲ್ಲಿ ಮೇಸ್ತ್ರಿ ತನ್ನ ಕರುಳಿನ ಕಥೆಗೆ ದಿನಕ್ಕೊಂದು ಬಾಲ ಕಟ್ಟಿ ಹೇಳುತ್ತಿದ್ದ. ಜನ ಅವನಿಗೆ ಮಾತ್ರೆ ಮೇಸ್ತ್ರಿ ಎಂದೇ ಹೆಸರಿಟ್ಟರು.

ವರ್ಷ ಕಳೆದ ಮೇಲೆ ಒಂದು ದಿನ, ಹೊಲಿಯುತ್ತಿದ್ದವಳು ರೆಕ್ಸಿನ್ ರಾಶಿಯ ಮೇಲೆ ಕುಸಿದು ಬಿದ್ದಾಗ ಕಾಯಿಲೆ ಯಕೃತ್ತಿಗೂ ಹಬ್ಬಿತ್ತು.

"ಹೋದ ವರ್ಷವೇ ಬಂದಿದ್ರೆ ಕತ್ತರಿಸಿ ತೆಗೀಬಹುದಿತ್ತು," ಎಂದರು ಡಾಕ್ಟರು. "ಮುಂಚೆ ಯಾವ ಸೂಚನೇನೂ ಸಿಗ್ಲಿಲ್ವಾ?"

ಅವಳು ಗಂಡನ ಮುಖ ನೋಡಿದಳು. ಅವನು ಕಿಟಕಿಯತ್ತ ತಿರುಗಿದ.

"ಇಲ್ಲ ಡಾಕ್ಟ್ರೇ. ಗಟ್ಟಿಯಾಗೇ ಇದ್ಲು."

ಕೆಲವು ವಾರಗಳ ಮೇಲೆ ಡಿಪೋದ ಸಾಹೇಬರೂ ಕೆಲಸದ ಜೊತೆಗಾರರೂ ಅವಳನ್ನು ನೋಡಲು ವಾರ್ಡಿಗೆ ಬಂದರು. ಮಂಚದ ಪಕ್ಕ ನಿಂತು ಮೇಸ್ತ್ರಿ ಕಣ್ಣೊರೆಸಿಕೊಂಡ. "ಪಾಪ, ಇವ್ಳಿಗೆ ಶುಗರ್ ಇರ್ಲಿಲ್ಲ ನೋಡಿ ಸಾರ್. ಮೊದ್ಲಿಂದ ಇದ್ದಿದ್ರೆ ಮಾತ್ರೆ ಕಾಪಾಡ್ತಿತ್ತು."

ಬಂದವರು ಲೊಚಗುಟ್ಟಿದರು. ಅವಳ ಮೈಯೆಲ್ಲ ಉರಿದುಹೋಯಿತು. ಸಾಯುವುದು ಹೇಗೂ ಖಚಿತ, ಈ ಸುಳ್ಳು ಹೊದ್ದುಕೊಂಡು ಮಾತ್ರ ಸಾಯಲಾರೆ ಅನ್ನಿಸಿತು. ಇದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ತಲೆ ಎತ್ತಿದಳು.

"ಸಾರ್, ಆ ಕೊಳವೇಲಿ ಇದ್ದಿದ್ದು ನಂದು. ಇವ್ರದಲ್ಲ."

ಮೇಸ್ತ್ರಿ ಮೆಲ್ಲಗೆ ಅವಳ ತಲೆಯನ್ನು ದಿಂಬಿಗೆ ಒತ್ತಿ, ಹೊದಿಕೆಯನ್ನು ಗಲ್ಲದವರೆಗೆ ಎಳೆದ.

"ನೋವಿನ ಇಂಜೆಕ್ಷನ್ನು ಸಾರ್. ತಲೆಗೇರಿದೆ. ಬೆಳಿಗ್ಗೆಯಿಂದ ಹೀಗೇ ಏನೇನೋ."

ಎಲ್ಲರೂ ಹೌದೆಂದು ತಲೆಯಾಡಿಸಿದರು. ಸಾಹೇಬರು ಮೇಸ್ತ್ರಿಯ ಬೆನ್ನು ತಟ್ಟಿ, ನಿಮ್ಮಂಥ ಗಂಡ ಸಿಗೋಕೂ ಪುಣ್ಯ ಬೇಕು ಅಂದರು.

ಅವರು ಹೋದ ಮೇಲೆ ಮೇಸ್ತ್ರಿ ಜೇಬಿನಿಂದ ತನ್ನ ಮಾತ್ರೆ ತೆಗೆದು, ಅವಳ ಲೋಟದ ನೀರಿನಲ್ಲೇ ನುಂಗಿದ. ಈಗ ಅರ್ಧ ಮುರಿಯುವ ಅಗತ್ಯವಿರಲಿಲ್ಲ.