ಕೈಯೊಡ್ಡದ ದೀನಮ್ಮ

ಯಾರಾದರೂ ಹೊಸ ಸೀರೆ ಉಟ್ಟು ಎದುರಿಗೆ ಬಂದರೆ ದೀನಮ್ಮ ಮೊದಲು ಅವರ ಮುಖ ನೋಡುತ್ತಿರಲಿಲ್ಲ. ಸೆರಗಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಒಳಮೈ ತಿರುವಿ, ದಾರ ಎಲ್ಲಿ ಬಿಟ್ಟಿದೆಯೆಂದು ಹುಡುಕುತ್ತಿದ್ದಳು. ಗುಬ್ಬಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುವವಳಾದ್ದರಿಂದ ಊರು ಅದನ್ನು ವೃತ್ತಿಧರ್ಮವೆಂದೇ ತಿಳಿದಿತ್ತು. ವೃತ್ತಿಯೂ ಅಲ್ಲ, ಧರ್ಮವೂ ಅಲ್ಲ, ಅಪ್ಪಟ ಹೊಟ್ಟೆಕಿಚ್ಚು! "ಸೀರೆ ಏನೋ ಚೆನ್ನಾಗಿದೆ, ಬಣ್ಣ ನಿಲ್ಲಲ್ಲ ಬಿಡಿ" ಎಂದ ಮೇಲೆಯೇ ಆ ಜೀವಕ್ಕೆ ಸಮಾಧಾನ.

ಹಾಗೆಂದು ಅವಳನ್ನು ಜಿಪುಣಿ ಎಂದುಕೊಳ್ಳಬೇಡಿ. ಡಿಸೆಂಬರ್ ತಿಂಗಳ ಚಳಿ ಕಾಲಿಟ್ಟಿತೆಂದರೆ ಅವಳ ಮನೆಯ ಎಣ್ಣೆಬಾಣಲೆ ಒಲೆಯಿಂದ ಇಳಿಯುತ್ತಿರಲಿಲ್ಲ. ಕ್ರಿಸ್ಮಸ್ ಬೆಳಿಗ್ಗೆ ಕರ್ಜಿಕಾಯಿ, ಚಕ್ಕುಲಿ, ರವೆಉಂಡೆಗಳ ತಟ್ಟೆಗಳು ಕಸೂತಿ ಬಟ್ಟೆಯ ಮುಸುಕು ಹೊದ್ದು ಬೀದಿಯ ಪ್ರತಿಯೊಂದು ಮನೆಗೂ ಹೋಗುತ್ತಿದ್ದವು. ಆದರೆ ದೀಪಾವಳಿಗೋ ಯುಗಾದಿಗೋ ಆ ಮನೆಗಳಿಂದ ತಟ್ಟೆ ಬಂದರೆ, "ಸಿಹಿ ಆಗಲ್ಲ ನಂಗೆ" ಎಂದು ಹೊಸ್ತಿಲಿಂದಲೇ ಹಿಂದಕ್ಕೆ ಕಳಿಸುತ್ತಿದ್ದಳು. ಕೊಟ್ಟವರ ಕೈ ಮೇಲಿರುತ್ತದೆ, ಇಸಕೊಂಡವರ ಕೈ ಕೆಳಗಿರುತ್ತದೆ ಎಂಬುದು ಅವಳ ಲೆಕ್ಕಾಚಾರ. ತಂಗಿ ಲೇಯಮ್ಮ ತುಮಕೂರಿನಲ್ಲಿ ಗಂಡ, ನಾಲ್ಕು ಮಕ್ಕಳೊಡನೆ ತುಂಬಿದ ಮನೆ ನಡೆಸುತ್ತಿದ್ದಳು; ಮಕ್ಕಳಿಲ್ಲದ ದೀನಮ್ಮ ಅವಳಿಂದ ಒಂದು ಕರವಸ್ತ್ರವನ್ನೂ ತೆಗೆದುಕೊಂಡವಳಲ್ಲ.

ಎಪ್ಪತ್ತೆಂಟರ ಮಳೆಗಾಲದಲ್ಲಿ ಅವಳ ಗಂಡ ಯೋಹಾನಪ್ಪ ತೀರಿಕೊಂಡ. ಕುಣಿಗಲ್ ಕಡೆಯವನು, ಡ್ರಿಲ್ ಮಾಸ್ತರ. ಶಾಲೆಯ ಮೈದಾನದಲ್ಲಿ ಸಿಂಹದ ಹಾಗೆ ಕೂಗುತ್ತಿದ್ದವನು ಮನೆಯಲ್ಲಿ ಕೇಳಿ ಕೇಳಿ ನೀರು ಕುಡಿಯುತ್ತಿದ್ದ. ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬದ ಬಾಣಲೆ ಇಡಬಾರದು, ನೆಂಟರು ನೆರೆಯವರು ತಂದುಕೊಟ್ಟದ್ದನ್ನು ತಿನ್ನಬೇಕು ಎಂಬುದು ಆ ಸೀಮೆಯ ಪದ್ಧತಿ. ಅಲ್ಲಿನ ಕ್ರೈಸ್ತರೂ ಅದನ್ನು ಬಿಟ್ಟಿರಲಿಲ್ಲ. ಕೇಳಿದರೆ ಚರ್ಚಿನ ಅಯ್ಯನವರು, "ಬೈಬಲ್‌ನಲ್ಲಿ ಅಂಥದ್ದೇನಿಲ್ಲಮ್ಮ, ನಿಮ್ಮಿಷ್ಟ" ಎಂದುಬಿಟ್ಟರು. ದೀನಮ್ಮ ಅಷ್ಟೇ ಸಾಕೆಂದು ಎಣ್ಣೆ ತರಿಸಿದಳು.

ಪಕ್ಕದ ಮನೆಯ ಹೊಂಬಾಳಮ್ಮ, ಕೊಬ್ಬರಿ ಮಂಡಿಯವರ ಹೆಂಡತಿ, ಕಾಂಪೌಂಡಿನಾಚೆಯಿಂದ ಅದನ್ನು ಕಂಡು ಹೌಹಾರಿದಳು. "ಬ್ಯಾಡ ಕಣ್ ಟೀಚರಮ್ಮ! ಇದೊಂದ್ ವರ್ಸ ನಮ್ ಕೈಲಿ ತಿನ್ನಿ. ನಿಮ್ಮನೆಯೋರು ನಮ್ಮ ಹೋಳಿಗೆ ಅಂದ್ರೆ ಪ್ರಾಣ ಬುಡೋರು. ಹಬ್ಬ ಬಂದ್ರೆ ಈ ಗೋಡೆ ತಾವ ನಿಂತ್ಕಂಡು ತಿನ್ನೋರು."

ಅದು ದೀನಮ್ಮನಿಗೆ ಗೊತ್ತೇ ಇರಲಿಲ್ಲ. ತಾನು ಹೊಸ್ತಿಲಲ್ಲಿ ತಟ್ಟೆ ಹಿಂದಕ್ಕೆ ಕಳಿಸುತ್ತಿದ್ದಾಗ ಗಂಡ ಹಿತ್ತಲಲ್ಲಿ ಬಾಯಿ ಚಪ್ಪರಿಸುತ್ತಿದ್ದನೇ! ಸತ್ತವನ ಮೇಲೆ ಕೋಪ ಬರಲಿಲ್ಲ. ಅವನ ಆ ಗುಟ್ಟಿನ ಸುಖವನ್ನು ಕಣ್ಣಾರೆ ಕಂಡಿದ್ದ ಹೊಂಬಾಳಮ್ಮನ ಮೇಲೆ ಬಂತು. ತರಿಸಿದ ಎಣ್ಣೆಯನ್ನು ಒಳಗೆತ್ತಿಟ್ಟು ಬಾಗಿಲು ಹಾಕಿಕೊಂಡಳು; ಆ ವರ್ಷ ಬಾಣಲೆ ಒಲೆ ಏರಲಿಲ್ಲ.

ಕ್ರಿಸ್ಮಸ್ ಬೆಳಿಗ್ಗೆ ಲೇಯಮ್ಮ ಮಕ್ಕಳನ್ನು ಅತ್ತೆಯ ಬಳಿ ಬಿಟ್ಟು, ಗಂಡನೊಡನೆ ಮೊದಲ ಬಸ್ಸಿಗೆ ಬಂದಳು, ಕೈಯಲ್ಲಿ ಕರ್ಜಿಕಾಯಿಯ ಡಬ್ಬಿ. ಜಗಲಿ ಹತ್ತುವಾಗ ಅವಳ ಗಂಡ ಹಿಂದಿನಿಂದ, "ಲೇಯಾ, ಶಾಲು ಹೊದ್ಕೊ, ಚಳಿ ಇದೆ" ಎಂದ. ಇಷ್ಟೇ ಮಾತು. ದೀನಮ್ಮನ ಎದೆಗೆ ಅದು ಸೂಜಿಯಂತೆ ಇಳಿಯಿತು. ಬೆಳಗಿನಿಂದ ಅವಳೂ ಚಳಿಯಲ್ಲೇ ನಿಂತಿದ್ದಳು, ಹೊದ್ದುಕೋ ಎನ್ನುವವರಿರಲಿಲ್ಲ.

"ತಗೊಂಡ್ ಹೋಗೇ ನಿನ್ ಡಬ್ಬೀನ! ಗಂಡ ಇರೋಳು, ಮಕ್ಕಳಿರೋಳು, ನಂಗೆ ಭಿಕ್ಷೆ ಹಾಕೋಕ್ ಬಂದಿದೀಯ? ಇನ್ಮೇಲೆ ಈ ಬಾಗಿಲಿಗೆ ಬರಬೇಡ."

ಲೇಯಮ್ಮ ಡಬ್ಬಿಯನ್ನು ಜಗಲಿಯ ಮೇಲಿಟ್ಟು ಗಂಡನೊಡನೆ ಚರ್ಚಿನ ಕಡೆ ನಡೆದಳು. ಉಳಿದಿದ್ದ ಒಂದೇ ರಕ್ತಸಂಬಂಧ ಬೀದಿಯ ತಿರುವಿನಲ್ಲಿ ಮರೆಯಾಗುವುದನ್ನು ದೀನಮ್ಮ ನೋಡಿದಳು. ಆಮೇಲೆ ಬಿಳಿ ಸೀರೆಯುಟ್ಟು ಒಬ್ಬಳೇ ಆರಾಧನೆಗೆ ಹೋದಳು.

ಯೇಸುವಿನ ನೆನಪಿನ ರೊಟ್ಟಿ ಪಡೆಯುವ ಪ್ರಭುಭೋಜನಕ್ಕೆ ಸಾಲಾಗಿ ಹೋಗಿ ಮೊಣಕಾಲೂರಿದಾಗ ಪಕ್ಕದಲ್ಲಿ ಲೇಯಮ್ಮನೇ ಇದ್ದಳು. ಅಯ್ಯನವರು ಬೊಗಸೆಬೊಗಸೆಗೆ ರೊಟ್ಟಿಯ ಚೂರು ಹಾಕುತ್ತ ಬಂದರು. ಹಾಳು ಅಭ್ಯಾಸ! ತಂಗಿಗೆ ಬಿದ್ದ ಚೂರು ದೊಡ್ಡದೋ ತನ್ನದು ದೊಡ್ಡದೋ ಎಂದು ದೀನಮ್ಮನ ಕಣ್ಣು ಓರೆಯಾಗಿ ಹರಿಯಿತು. ಎರಡೂ ಒಂದೇ ಅಳತೆ. ಹರೆಯದಿಂದ ಇಲ್ಲಿ ಬಂದು ಬೊಗಸೆಯೊಡ್ಡಿದ್ದೇನೆ, ಒಂದು ದಿನವೂ ಬೇಡವೆಂದಿಲ್ಲ, ತಿರುಗಿ ಕೊಟ್ಟಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಯೋಹಾನಪ್ಪನೂ ಹೀಗೆಯೇ ಸುಮ್ಮನೆ ಸಿಕ್ಕವನು. ತಾನೇನು ಅವನನ್ನು ದುಡಿದು ಸಂಪಾದಿಸಿದ್ದಳೇ? ಸಾವಾದಂದಿನಿಂದ "ಯಾಕೆ ಕಿತ್ಕೊಂಡೆ" ಎಂದು ದೇವರೊಡನೆ ಜಗಳವಾಡುತ್ತಿದ್ದವಳು, "ಕೊಟ್ಟಿದ್ಯಲ್ಲ ಸ್ವಾಮಿ, ಇಷ್ಟು ವರ್ಷ" ಎಂದು ಮೊದಲ ಬಾರಿ ಅತ್ತಳು. ಅಳು ನಿಂತಾಗ ಒಳಗೆ ಜಗಳವೂ ನಿಂತಿತ್ತು.

ಹೊರಗೆ ಬಂದು ತಂಗಿಯ ಮುಂಗೈ ಹಿಡಿದು ಒಂದು ಬದಿಗೆ ಕರೆದಳು. "ಬಾರೇ ಮನೆಗೆ. ನಿನ್ ಗಂಡ ಶಾಲು ಹೊದ್ಕೊ ಅಂದ್ರಲ್ಲ, ನನ್ ಹೊಟ್ಟೆ ಉರೀತು ಕಣೇ. ಅದಕ್ಕೇ ಅಂದೆ."

"ಗೊತ್ತಾಯ್ತು ಅಕ್ಕ," ಎಂದಳು ಲೇಯಮ್ಮ. "ಭಾವ ಇದ್ದಾಗ ನಿನ್ನ ನೋಡಿ ನಂಗೂ ಹಂಗೇ ಉರೀತಿತ್ತು. ಒಂದಿನ ನಿನ್ನ ಮುಂದೆ ದನಿ ಎತ್ತಲಿಲ್ಲ ಆ ಮನುಷ್ಯ. ನಮ್ಮನೇದು ನಿಂಗೊತ್ತಿಲ್ಲ, ಶಾಲು ಹೊದ್ಕೊ ಅನ್ನೋದೆಲ್ಲ ಊರ ಮುಂದೆ."

ದೀನಮ್ಮ ಮನೆಗೆ ಬಂದು ಜಗಲಿಯ ಮೇಲೇ ಕುಳಿತು, ಡಬ್ಬಿಯ ಮುಚ್ಚಳ ತಂಗಿಯೇ ತೆಗೆಯಲೆಂದು ಕಾದು, ಕೊಟ್ಟ ಕರ್ಜಿಕಾಯಿಯನ್ನು ಎರಡೂ ಕೈಯಲ್ಲಿ ಇಸಕೊಂಡು ತಿಂದಳು.

ಅವಳ ಹೊಟ್ಟೆಕಿಚ್ಚು ಅಂದೇ ಆರಿತೆಂದು ಯಾರೂ ತಿಳಿಯಬೇಕಾಗಿಲ್ಲ. ಹೊಸವರ್ಷದ ಹೊತ್ತಿಗೆ ಲೇಯಮ್ಮನ ಕರ್ಜಿಕಾಯಿಗೆ ಗಸಗಸೆ ಸಾಲದೆಂದು ಊರಿಗೆಲ್ಲ ಹೇಳಿದ್ದಳು. ಕರುಬುವವರ ಜಾತಿಯೇ ಹಾಗೆ. ಪರರ ಅಂಗಳದ ಬೆಳಕನ್ನು ಅಳೆಯುತ್ತ ಅಳೆಯುತ್ತ ತಮ್ಮ ಮನೆಯಲ್ಲೂ ಒಂದು ದೀಪವಿತ್ತೆಂಬುದು ಅವರಿಗೆ ತಿಳಿಯುವುದು, ಅದರ ಮೇಲೆ ಕಣ್ಣಿಟ್ಟಿದ್ದ ಇನ್ನೊಬ್ಬರು ಕರುಬುವವರು ಬಾಯಿಬಿಟ್ಟು ಹೇಳಿದಾಗಲೇ. ಅಷ್ಟರಲ್ಲಿ ದೀಪ ಆರಿಹೋಗಿರುತ್ತದೆ, ಆದರೂ ಅದಕ್ಕೊಂದು ವಂದನೆ ಹೇಳಲು ಹೊತ್ತು ಮೀರಿರುವುದಿಲ್ಲ.