ತಾತನ ಹೂಂ

ಶನಿವಾರ ಬೆಳಿಗ್ಗೆ, ನೆನೆಹಾಕಿದ್ದ ಉಪ್ಪುಮೀನಿನ ನೀರು ಬದಲಿಸುತ್ತಿದ್ದೆ. ಹಳೆಯ ನೀರು ಚೆಲ್ಲಿ ಹೊಸ ನೀರಿಗೆ ನಲ್ಲಿ ತಿರುಗಿಸಿದ್ದೆನಷ್ಟೆ, ಫೋನ್ ಬಂತು. ಮಾತಿನ ಚಿಕಿತ್ಸೆ ಮಾಡುವ ನಡೀನ್.

“ಗ್ರಾಸಾ, ನಮ್ಮ ಇನ್ನೊಬ್ಬ ಚಿಕಿತ್ಸಕರಿಗೆ ಜ್ವರ. ಮಗಳನ್ನೂ ನಿಮ್ಮ ಮಾವನ್ನೂ ಇವತ್ತು ಒಟ್ಟಿಗೇ ಕರ್ಕೊಂಡು ಬರ್ತೀರಾ? ಇಬ್ರನ್ನೂ ನಾನೇ ನೋಡ್ತೀನಿ.”

ಮೀನನ್ನು ಅರ್ಧ ನೀರಿನಲ್ಲೇ ಬಿಟ್ಟು ಕೈ ಒರೆಸಿಕೊಂಡೆ.

ನನ್ನ ಮಗಳು ಬೆನೆಡಿತಾಗೆ ಎಂಟು ವರ್ಷ. ಹೇಳಬೇಕಾದ್ದೆಲ್ಲ ಅವಳ ತಲೆಯಲ್ಲಿ ಸರಿಯಾಗಿಯೇ ಇರುತ್ತದೆ, ಮೊದಲ ಅಕ್ಷರ ಮಾತ್ರ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ನನ್ನ ಮಾವ ಸೆರಾಫಿಂ ಅವರಿಗೆ ಚಳಿಗಾಲದಲ್ಲಿ ಲಕ್ವ ಹೊಡೆದಿತ್ತು. ಆಮೇಲೆ ಕೈಕಾಲು ಒಂದಷ್ಟು ಸುಧಾರಿಸಿತು, ಮಾತು ಹಿಂದಿರುಗಲಿಲ್ಲ. ಉಳಿದದ್ದು “ಹೂಂ” ಒಂದೇ. ಡಂಡಾಸ್ ಬೀದಿಯ ಬೇಕರಿಯ ಮೇಲಿನ ಕ್ಲಿನಿಕ್ಕಿಗೆ ಇಬ್ಬರೂ ಹೋಗುತ್ತಾರೆ, ಬೇರೆ ಬೇರೆ ದಿನ.

ಅದೇ ಮಧ್ಯಾಹ್ನ ಆಲ್ಬಾನೊ ಬಂದು ಮಾವನ ಪಾರಿವಾಳಗಳನ್ನು ಒಯ್ಯುವುದಿತ್ತು. ಹಿಂದಿನ ಗಲ್ಲಿಯಲ್ಲಿ, ನಮ್ಮ ಗ್ಯಾರೇಜಿನ ಮೇಲೆ ಮಾವ ತಮ್ಮ ಕೈಯಾರೆ ಕಟ್ಟಿದ ಗೂಡಿದೆ. ಎಲ್ಲವೂ ಪಂದ್ಯದ ಹಕ್ಕಿಗಳು. ಎಲ್ಲಿ ಬಿಟ್ಟರೂ ಮನೆ ಹುಡುಕಿಕೊಂಡು ಬರುವಂಥವು. ಆಲ್ಬಾನೊ ಮಾವನ ಹಳೆಯ ಗೆಳೆಯ, ಪಂದ್ಯದಲ್ಲಿ ಎದುರಾಳಿ. ಈಸ್ಟರ್ ಊಟದ ದಿನ ಅವರು ಕೇಳಿದ್ದರು: “ಸೆರಾಫಿಂ, ನಿಂಗಿನ್ನು ಏಣಿ ಹತ್ತೋಕಾಗಲ್ಲ. ಹಕ್ಕಿಗಳನ್ನ ನಾನು ಕರ್ಕೊಂಡು ಹೋಗ್ಲಾ?” ಮಾವ ಹೂಂ ಅಂದಿದ್ದರು. ಮಾತು ಅಲ್ಲಿಗೆ ಮುಗಿದಿತ್ತು. ಪಾಪ, ಎಂಥ ಒಳ್ಳೆಯ ಮನುಷ್ಯ ಎಂದು ಬೀದಿಯವರೆಲ್ಲ ಆಲ್ಬಾನೊರನ್ನು ಹೊಗಳಿದ್ದರು.

ಆವತ್ತಿನಿಂದ ಬೆನೆಡಿತಾ ಏನೋ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ಓಡಾಡುತ್ತಿದ್ದಳು. ಸಂಜೆ ತಾತನ ಕುರ್ಚಿಯ ಮುಂದೆ ನಿಂತು “ತಾ... ತಾ...” ಎಂದು ಶುರು ಮಾಡುವಳು. ಅಷ್ಟರಲ್ಲಿ ನನ್ನ ಗಂಡ ರುಯಿ ಅಡ್ಡ ಬಾಯಿ ಹಾಕುವನು: “ತಾತಾ, ಟಿವಿ ಹಾಕ್ಲಾ ಅಂತ ತಾನೆ? ಹಾಕು ಪುಟ್ಟಿ.” ಅವಳು ತಲೆಯಾಡಿಸಿ ಟಿವಿ ಹಾಕುವಳು. ಯಾರಿಗೂ ಬೇಡದ ಫುಟ್‌ಬಾಲ್ ಆಟ ನಮ್ಮ ಮನೆಯಲ್ಲಿ ಎಷ್ಟು ಓಡಿತೋ!

ಗೂಡಿನ ವಿಷಯವೇ ಎಂದು ನನಗೆ ಗೊತ್ತಿತ್ತು. ತಲೆ ಬಾಚುವಾಗ ಕೇಳಿದ್ದೆ: “ಏನು ಕಂದ, ನಾನು ಕೇಳ್ಲಾ ತಾತನ್ನ?”

“ಬೇಡ. ನಾ... ನಾನೇ ಕೇಳ್ತೀನಿ.”

ಸರಿ ಎಂದು ಸುಮ್ಮನಾಗಿದ್ದೆ. ಆದರೆ ಇವತ್ತೇ ಕೊನೆಯ ದಿನ, ಇನ್ನೂ ಕೇಳಿರಲಿಲ್ಲ.

ನಡೀನ್ ಅವರ ಕೋಣೆಯಲ್ಲಿ ಕಾನೂನು ಒಂದೇ. ಯಾರ ಮಾತನ್ನೂ ಇನ್ನೊಬ್ಬರು ಮುಗಿಸಿಕೊಡುವ ಹಾಗಿಲ್ಲ. ಅಲ್ಲಿ ಚಿಕಿತ್ಸೆ ಮಗಳಿಗೋ ನನಗೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಬ್ಯಾಗಿನ ಪಟ್ಟಿಯನ್ನು ಹಿಂಡುತ್ತಾ ಕೂತಿರುತ್ತೇನೆ.

ನಡೀನ್ ಮೊದಲು ಮಾವನ ಕಡೆ ತಿರುಗಿದರು. “ಕಾಫಿ ಕೊಡ್ಲಾ ಸೆರಾಫಿಂ ಅವ್ರೇ?”

“ಹೂಂ.”

ಕೊಟ್ಟರು. ಮಾವ ಬಟ್ಟಲನ್ನು ಆಚೆ ತಳ್ಳಿದರು.

“ಹಾಗಾದ್ರೆ ನೀರು?”

“ಹೂಂ.” ಅದನ್ನೂ ತಳ್ಳಿದರು. ಅವರ ಹುಬ್ಬು ಗಂಟಿಕ್ಕಿತು.

ನಡೀನ್ ಮೇಜಿನ ಮೇಲೆ ಒಂದು ಸೇಬು ಇಟ್ಟರು. ಪಕ್ಕದಲ್ಲಿ ಕೆಳಗಿನ ಬೇಕರಿಯ ಮೊಟ್ಟೆ ಹಾಲಿನ ಸಿಹಿ ಬಿಲ್ಲೆ, ಮೇಲೆ ಸ್ವಲ್ಪ ಸೀದಿರುವಂಥದ್ದು. “ಯಾವುದು ಬೇಕು?”

ಮಾವನ ಕೈ ಹದ್ದಿನ ಹಾಗೆ ಸಿಹಿಯ ಮೇಲೆ ಎರಗಿತು.

“ನೋಡಿದ್ರಾ?” ನಡೀನ್ ನಕ್ಕರು. “ಬೇಡ ಅನ್ನೋಕೆ ಹೋದ್ರೂ ಇವರ ಬಾಯಿಗೆ ಸಿಗೋದು ಹೂಂ ಒಂದೇ. ಅದನ್ನ ನಂಬ್ಕೊಂಡು ಕೂರ್ಬೇಡಿ. ಎರಡನ್ನೂ ಮುಂದಿಟ್ಟು ಕೇಳಿ, ಕೈ ಹೇಳುತ್ತೆ.”

ಬೆನೆಡಿತಾ ಕುರ್ಚಿಯ ತುದಿಗೆ ಬಂದಳು.

“ಅಮ್ಮಾ, ನಾ... ನಾನೂ ಹಂಗೇ. ಅಪ್ಪ ಟಿ... ಟಿ... ಟಿವಿನಾ ಅಂದ್ರೆ ತಲೆ ಆಡಿಸ್ತೀನಿ. ನಂಗೆ ಟಿವಿ ಬೇಕಿರಲ್ಲ.”

“ಮತ್ತೆ ಯಾಕೆ ಆಡಿಸ್ತೀಯಾ?” ಎಂದೆ.

ಅವಳು ಯೋಚಿಸಿದಳು. ಯಾರೂ ಅವಸರ ಮಾಡಲಿಲ್ಲ. “ಆ... ಆಮೇಲೆ ಎಲ್ಲರೂ ನನ್ನ ಬಾಯಿ ನೋಡೋದು ಬಿಡ್ತಾರೆ.”

ಮಾವ ಅರ್ಧ ಉಳಿಸಿದ್ದ ಸಿಹಿಯನ್ನು ಅವಳ ಕೈಗಿಟ್ಟರು. ಟ್ರಾಮಿನಲ್ಲಿ ಬರುವಾಗ ಇಬ್ಬರ ಮಡಿಲಲ್ಲೂ ಅದರ ಪುಡಿಯೇ.

ಆಲ್ಬಾನೊ ನಾವು ಬರುವುದಕ್ಕೆ ಮೊದಲೇ ಗಲ್ಲಿಯಲ್ಲಿ ಬೆತ್ತದ ಬುಟ್ಟಿಗಳನ್ನು ಇಳಿಸಿಕೊಂಡು ನಿಂತಿದ್ದರು. ನಾನು ಅಡುಗೆಮನೆಗೆ ಓಡಿ ಮೀನಿನ ಬೋಗುಣಿ ತುಂಬಿಸಿದೆ. ಕಿಟಕಿಯಿಂದ ಅವರ ದನಿ ಕೇಳುತ್ತಿತ್ತು.

“ಏನಯ್ಯಾ, ಸಿಹಿ ತಿಂದ್ಕೊಂಡು ಬಂದ್ಯಾ? ಮೀಸೇಲಿ ಅಂಟ್ಕೊಂಡಿದೆ. ಹೋದ ವರ್ಷ ಪಂದ್ಯದಲ್ಲಿ ನಿನ್ನ ಆ ಚುಕ್ಕಿ ಹೆಣ್ಣುಹಕ್ಕಿ ನನ್ನ ಮಾನ ಕಳೀತಲ್ಲ, ಇನ್ಮೇಲೆ ನನ್ನ ಅನ್ನ ತಿನ್ನಲಿ, ಗೊತ್ತಾಗುತ್ತೆ ಅದಕ್ಕೆ!”

“ಹೂಂ,” ಎಂದರು ಮಾವ, ಗ್ಯಾರೇಜಿನ ಮುಂದೆ ಹಾಕಿದ ಕುರ್ಚಿಯಲ್ಲಿ ಕೂರುತ್ತಾ.

ನಾನು ಒದ್ದೆ ಕೈಯಲ್ಲೇ ಹೊರಗೆ ಬಂದೆ. ಬೆನೆಡಿತಾ ಏಣಿ ಇಳಿದು ಬರುತ್ತಿದ್ದಳು. ಒಂದು ಕೈಯಲ್ಲಿ ಕಾಳಿನ ಡಬ್ಬಿ. ತಾತ ಅದನ್ನೇ ಗಲಗಲ ಅಲ್ಲಾಡಿಸಿ ಹಕ್ಕಿಗಳನ್ನು ಆಕಾಶದಿಂದ ಇಳಿಸುತ್ತಿದ್ದರು. ಕೆಳಗೆ ಬಂದವಳೇ ಇನ್ನೊಂದು ಕೈಯಲ್ಲಿ ಆಲ್ಬಾನೊ ಅವರ ಖಾಲಿ ಬುಟ್ಟಿಯೊಂದನ್ನು ಎತ್ತಿಕೊಂಡಳು. ಎರಡನ್ನೂ ಹಿಡಿದು ತಾತನ ಎದುರು ನಿಂತಳು.

“ತಾ... ತಾ...”

“ತಾತಾ, ಹಕ್ಕಿಗಳಿಗೆ ಟಾಟಾ ಮಾಡು ಅಂತ ತಾನೆ ಪುಟ್ಟಿ? ಮಾಡಿಸ್ತೀನಿ ಇರು—”

ನಾನು ಆಲ್ಬಾನೊ ಅವರ ತೋಳು ಹಿಡಿದೆ. ಅಂಗಿಯ ಮೇಲೆ ನನ್ನ ಐದು ಬೆರಳೂ ಒದ್ದೆಯಾಗಿ ಮೂಡಿದವು. “ಅಣ್ಣಾ, ತಡೀರಿ. ಅವಳು ಕೇಳ್ತಾಳೆ.”

“ಅಲ್ಲಮ್ಮ ಗ್ರಾಸಾ, ಮಗೂಗೆ ಸುಲಭ ಆಗ್ಲಿ ಅಂತ...”

“ಗೊತ್ತಣ್ಣ. ಆದ್ರೂ ತಡೀರಿ.”

ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮೇಲೆ ಗೂಡಿನಲ್ಲಿ ಹಕ್ಕಿಗಳು ಗುಟುರು ಹಾಕುತ್ತಿದ್ದವು. ಮಾವ ಕೋಲನ್ನು ಪಕ್ಕಕ್ಕೆ ಒರಗಿಸಿ ಮುಂದಕ್ಕೆ ಬಾಗಿದರು. ಪಂದ್ಯದ ದಿನ ಅವರು ಇದೇ ಜಾಗದಲ್ಲಿ ಆಕಾಶ ನೋಡುತ್ತಾ ಹೀಗೇ ಕೂರುತ್ತಿದ್ದರು. ಹಕ್ಕಿ ತಡಮಾಡಿತೆಂದು ಒಮ್ಮೆಯೂ ಗೊಣಗಿದವರಲ್ಲ, ಬಂದೇ ಬರುತ್ತದೆಂದು ಅವರಿಗೆ ಗೊತ್ತಿರುತ್ತಿತ್ತು. ಈಗ ಮೊಮ್ಮಗಳನ್ನು ಹಾಗೇ ನೋಡುತ್ತಿದ್ದರು.

ಅವಳು ಕಣ್ಣು ಮುಚ್ಚಿದಳು. ತುಟಿ ಗಟ್ಟಿಯಾಯಿತು, ಸಡಿಲವಾಯಿತು. ನಡೀನ್ ಹೇಳಿಕೊಟ್ಟ ಹಾಗೆ ಉಸಿರನ್ನು ಮೊದಲು ಹೊರಗೆ ಬಿಟ್ಟು, ಅದರ ಬೆನ್ನ ಮೇಲೆ ಮಾತನ್ನು ಮೆಲ್ಲಗೆ ಕೂರಿಸಿದಳು. ಕಣ್ಣು ತೆರೆದು ಬುಟ್ಟಿಯನ್ನೂ ಡಬ್ಬಿಯನ್ನೂ ತಾತನ ಮುಂದೆ ಚಾಚಿದಳು.

“ತಾತಾ, ಹಕ್ಕಿಗಳು ಬು... ಬುಟ್ಟೀಲಿ ಹೋಗ್ಬೇಕಾ, ಇಲ್ಲಾ ನಾನು ದಿನಾ ಏಣಿ ಹತ್ತಿ ಕಾ... ಕಾ... ಕಾಳು ಹಾಕಿದ್ರೆ ಇಲ್ಲೇ ಇರ್ಬೇಕಾ?”

ಮಾವನ ಕೈ ಬುಟ್ಟಿಯನ್ನು ಆಚೆ ತಳ್ಳಿ ಡಬ್ಬಿಯ ಮೇಲೆ ಎರಗಿತು.